44ರ ಬಿಸಿಲು ಕಂಡವರಿಗೆ 33ರ ಸೆಕೆ ಏನು ಮಾಡೀತು?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮಸ್ಕಾರ. ನಾನು ಕಲಬುರಗಿಯ ನಿವೃತ್ತ ಶಾಲಾ ಶಿಕ್ಷಕಿ, ವಯಸ್ಸು 62. ನಮ್ಮ ಮನೆಯವರಿಗೆ 67. ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಜೂನ್ ಕೊನೆಗೆ ಅಲ್ಲಿಗೆ ಹೋಗಿ, ಜುಲೈ ಮೂರನೆಯ ವಾರ ಅವರ ಜೊತೆ ಫ್ಲಾರಿಡಾದ ಒರ್ಲಾಂಡೊಗೆ ಹೊರಡುತ್ತೇವೆ. ಮೂರು ದಿನ ಡಿಸ್ನಿ ವರ್ಲ್ಡ್, ಒಂದು ದಿನ ಯೂನಿವರ್ಸಲ್ ಎಂಬ ಆಟದ ಪಾರ್ಕುಗಳು, ನಾಲ್ಕೂ ದಿನ ಸಾಲಾಗಿ ಇಟ್ಟುಕೊಂಡಿದ್ದಾರೆ. ಮೊಮ್ಮಕ್ಕಳಿಗೆ ಏಳು ಮತ್ತು ಮೂರು ವರ್ಷ. ಅಲ್ಲಿ ಜುಲೈನಲ್ಲಿ ವಿಪರೀತ ಸೆಕೆ, ದಿನಾ ಮಧ್ಯಾಹ್ನ ಗುಡುಗು-ಸಿಡಿಲಿನ ಮಳೆ ಎಂದು ಅಳಿಯಂದಿರು ಹೇಳುತ್ತಾರೆ. ಫೋನಿನಲ್ಲಿ ನೋಡಿದರೆ ಬರೀ 33 ಡಿಗ್ರಿ. ‘44 ಡಿಗ್ರಿದಾಗ ಸಂತಿ ಮಾಡ್ಕೊಂಡ್ ಬಂದವ್ರು ನಾವು, 33ಕ್ಕ ಹೆದರ್ತೀವೇನು’ ಎಂದು ಮನೆಯವರು ನಗುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಾರೆ. ನನಗೆ ಬಿಪಿ, ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಕೂಡಿದ ಮಾತ್ರೆ. ನಾವು ಹೋಗಬಹುದೇ? ಮಳೆ ಬಂದರೆ ದಿನವೇ ಹಾಳಾಗುತ್ತದೆಯೇ? ಸೀರೆ ಉಟ್ಟು ಓಡಾಡಬಹುದೇ? ಛತ್ರಿ ಒಯ್ಯಬೇಕೋ, ರೇನ್‌ಕೋಟೋ?

ಉತ್ತರ: ಅಕ್ಕೋರೇ, ಧಾರಾಳವಾಗಿ ಹೋಗಿಬನ್ನಿ. ನೀವು ಬರೆದ ಮಾತ್ರೆಗಳಲ್ಲಿ ಪ್ರಯಾಣವೇ ಬೇಡ ಎನ್ನುವಂಥದ್ದು ಏನೂ ಇಲ್ಲ. ಆದರೆ ನಿಮ್ಮ ಮನೆಯವರ ನಗುವಿನಲ್ಲಿ ಮಾತ್ರ ನಾನು ಪಾಲುಗೊಳ್ಳಲಾರೆ. ಮೇ ತಿಂಗಳ ರಜೆಯಲ್ಲಿ ಉಡುಪಿ, ಧರ್ಮಸ್ಥಳ, ಗೋಕರ್ಣಕ್ಕೆ ಹೋದ ನಮ್ಮ ಕಡೆಯ ಗಟ್ಟಿ ಆಳುಗಳು, ವರ್ಷಪೂರ್ತಿ ಹೊಲದಲ್ಲಿ ದುಡಿಯುವವರು, ಅಲ್ಲಿ ದರ್ಶನದ ಸಾಲಿನಲ್ಲಿ ತಲೆಸುತ್ತಿ ಕೂತದ್ದನ್ನು ನೀವೂ ಕೇಳಿರುತ್ತೀರಿ. ಅಲ್ಲಿಯೂ ಅಂಕಿ 33-34ರ ಮೇಲೆ ಹೋಗಿರುವುದಿಲ್ಲ. ಕಲಬುರಗಿಯ ಬಿಸಿಲು ಉಂಡವರಿಗೆ ಒಂದು ಧೈರ್ಯ ಇರುತ್ತದೆ. ಒಣ ಬಿಸಿಲಿನ ಮಟ್ಟಿಗೆ ಅದು ಸರಿ. ಒದ್ದೆ ಸೆಕೆಯ ಮುಂದೆ ಅದು ಮೋಸ ಮಾಡುತ್ತದೆ.

ನಿಮ್ಮ ಮನೆಯ ಕೂಲರನ್ನೇ ನೆನಪಿಸಿಕೊಳ್ಳಿ. ಮೇನಲ್ಲಿ ಹೊರಗೆ ಝಳ ಹೊಡೆಯುತ್ತಿರುವಾಗ ಅದರ ಮುಂದೆ ಕೂತರೆ ಹಾಯೆನಿಸುತ್ತದೆ. ಅದೇ ಕೂಲರನ್ನು ಆಗಸ್ಟ್‌ನ ಜಡಿಮಳೆಯಲ್ಲಿ ಹಚ್ಚಿದರೆ ಹಾಸಿಗೆ ಹಸಿ, ಗೋಡೆ ಹಸಿ, ಮೈ ಅಂಟಂಟು. ತಂಪು ಮಾತ್ರ ಇಲ್ಲ. ಕೂಲರ್ ಕೆಟ್ಟಿರುವುದಿಲ್ಲ. ನೀರು ಆರಿದರೆ ತಾನೇ ತಂಪು? ಗಾಳಿಯಲ್ಲಿ ಆಗಲೇ ತೇವ ತುಂಬಿಕೊಂಡಿದ್ದರೆ ನೀರು ಆರುವುದು ಎಲ್ಲಿಗೆ? ನಮ್ಮ ಚರ್ಮವೂ ಇದೇ ನಿಯಮದ ಮೇಲೆ ನಡೆಯುತ್ತದೆ. ಬೆವರು ಸುರಿದ ಮಾತ್ರಕ್ಕೆ ಮೈ ತಣ್ಣಗಾಗುವುದಿಲ್ಲ, ಆ ಬೆವರು ಆರಬೇಕು. ಕಲಬುರಗಿಯಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತದೆ. ಒರ್ಲಾಂಡೊದಲ್ಲಿ ಅದು ಬೆನ್ನಿನಿಂದ ಸೊಂಟಕ್ಕೆ, ಸೊಂಟದಿಂದ ಕಾಲಿಗೆ ಇಳಿಯುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ತಂಪು ಬರಲಿಲ್ಲ.

ಇದನ್ನು ಅಂಕಿಯಲ್ಲೇ ತೋರಿಸಬಹುದು. ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಯಿಸಿದರೆ ಅದು ತೋರಿಸುವ ಉಷ್ಣತೆ, ಬೆವರಿನ ನೆರವಿನಿಂದ ಮೈ ಎಷ್ಟು ತಣ್ಣಗಾಗಲು ಸಾಧ್ಯ ಎಂಬುದರ ಅಂದಾಜು ಕೊಡುತ್ತದೆ. 42 ಡಿಗ್ರಿ, ತೇವಾಂಶ ಶೇ 15 ಇರುವ ನಮ್ಮ ಮೇ ಮಧ್ಯಾಹ್ನದಲ್ಲಿ ಅದು ಸುಮಾರು 22 ಬರುತ್ತದೆ. 33 ಡಿಗ್ರಿ, ತೇವಾಂಶ ಶೇ 60 ಇರುವ ಒರ್ಲಾಂಡೊ ಮಧ್ಯಾಹ್ನದಲ್ಲಿ ಸುಮಾರು 27. ಒಣ ಅಂಕಿ ಒಂಬತ್ತು ಡಿಗ್ರಿ ಕೆಳಗೆ, ಒದ್ದೆ ಅಂಕಿ ಐದು ಡಿಗ್ರಿ ಮೇಲೆ. ನಮ್ಮ ಬಿಸಿಲೇನು ಸಾಧು ಎಂದಲ್ಲ, ಅದು ಹೇಗೆ ಜೀವ ತೆಗೆಯುತ್ತದೆ ಎಂಬುದನ್ನು ಪ್ರತಿ ಬೇಸಿಗೆ ನೋಡುತ್ತೇವೆ. ಆದರೆ ಎರಡರ ದಾರಿ ಬೇರೆ. ಫೋನಿನಲ್ಲಿ ನೀವು ನೋಡಬೇಕಾದದ್ದು 33 ಎಂಬ ದೊಡ್ಡ ಅಂಕಿಯನ್ನಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ‘ಫೀಲ್ಸ್ ಲೈಕ್’ ಎಂಬುದನ್ನು, ಎಂದರೆ ಮೈಗೆ ಅನಿಸುವ ಬಿಸಿಯನ್ನು. ಈ ಲೆಕ್ಕದಲ್ಲಿ ಅದು 40ರ ಆಸುಪಾಸು ಇರುತ್ತದೆ. ಅಮೆರಿಕದಲ್ಲಿ ಎಲ್ಲವೂ ಫ್ಯಾರನ್‌ಹೀಟ್. 90 ಎಂದರೆ ನಮ್ಮ 32, 100 ಎಂದರೆ ನಮ್ಮ 38 ಎಂದು ನೆನಪಿಟ್ಟರೆ ಸಾಕು.

ಇನ್ನೊಂದು ಸಂಗತಿ ನಿಮ್ಮ ಲೆಕ್ಕದಲ್ಲಿ ಬಂದಿಲ್ಲ. ಬಿಸಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು, ಹಾಗೆ ಒಗ್ಗಿದ್ದು ಕೆಲವೇ ವಾರಗಳಲ್ಲಿ ಬಿಟ್ಟುಹೋಗುತ್ತದೆ. ನೀವು ಒರ್ಲಾಂಡೊಗೆ ಹೋಗುವ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಎಸಿ ಮನೆ, ಎಸಿ ಕಾರು, ಎಸಿ ಅಂಗಡಿ ಎಂದು ಮೂರು ವಾರ ಕಳೆದಿರುತ್ತೀರಿ. ಕಲಬುರಗಿಯ ಮೈ ಅಷ್ಟರಲ್ಲಿ ಕಲಬುರಗಿಯದಾಗಿ ಉಳಿದಿರುವುದಿಲ್ಲ. ಆದ್ದರಿಂದ ಅಲ್ಲಿರುವಾಗಲೇ ದಿನಾ ಸಂಜೆ ಬೆವರು ಬರುವಷ್ಟು ಹೊರಗೆ ನಡೆಯಿರಿ. ಇಪ್ಪತ್ತು ನಿಮಿಷದಿಂದ ಶುರು ಮಾಡಿ ಒಂದು ತಾಸಿಗೆ ಏರಿಸಿ. ಪಾರ್ಕಿನಲ್ಲಿ ದಿನಕ್ಕೆ ಎಂಟು-ಹತ್ತು ಕಿಲೋಮೀಟರ್ ನಡಿಗೆ ಗೊತ್ತಿಲ್ಲದೆಯೇ ಆಗಿಬಿಡುತ್ತದೆ, ಕಾಲಿಗೂ ಇದು ತಾಲೀಮು.

ಈಗ ನಿಮ್ಮ ಅನುಭವ ನಿಜಕ್ಕೂ ಉಪಯೋಗಕ್ಕೆ ಬರುವ ಜಾಗಕ್ಕೆ ಬರೋಣ. ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್-ಮೇ ತಿಂಗಳು ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಈ ಬೇಸಿಗೆ ವೇಳಾಪಟ್ಟಿ ನಿಮಗೆ ನಾನು ವಿವರಿಸಬೇಕಾಗಿಲ್ಲ. ಅದನ್ನೇ ಒರ್ಲಾಂಡೊದಲ್ಲಿ ಜಾರಿಗೆ ತನ್ನಿ, ಆದೇಶ ನೀವೇ ಹೊರಡಿಸಿ. ಪಾರ್ಕುಗಳು ಸಾಮಾನ್ಯವಾಗಿ 9ರ ಸುಮಾರಿಗೆ ತೆರೆಯುತ್ತವೆ, ಪ್ರಾಣಿಗಳಿರುವ ಡಿಸ್ನಿಯ ಅನಿಮಲ್ ಕಿಂಗ್‌ಡಮ್ ಇನ್ನೂ ಬೇಗ. ಗೇಟು ತೆರೆಯುವ ಅರ್ಧ ತಾಸು ಮೊದಲೇ ಅಲ್ಲಿರಿ. ನಸುಕಿಗೆ ಏಳುವ ರೂಢಿ ನಿಮಗಿದೆ, ಎಬ್ಬಿಸಬೇಕಾದದ್ದು ಮಗಳು-ಅಳಿಯಂದಿರನ್ನು. ಹೊರಗಿನ ಆಟ, ದೊಡ್ಡ ಸಾಲು ಇರುವ ಆಟ ಎಲ್ಲ ಮೊದಲ ಮೂರು ತಾಸಿನಲ್ಲಿ ಮುಗಿಯಲಿ. 12.30ಕ್ಕೆ ಹೊರಟು ಹೋಟೆಲು ಸೇರಿ, ಊಟ ಮಾಡಿ, ಮಕ್ಕಳ ಜೊತೆ ನೀವೂ ಮಲಗಿ. ಅಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ತಾಸು ಮುಂದೆ ಇಟ್ಟಿರುತ್ತಾರೆ, ಹಾಗಾಗಿ ಸೂರ್ಯ ನೆತ್ತಿಗೆ ಬರುವುದೇ ಮಧ್ಯಾಹ್ನ ಒಂದೂವರೆಗೆ. ಹೊತ್ತು ಮುಳುಗುವುದು ರಾತ್ರಿ 8.20ರ ಸುಮಾರಿಗೆ. ಎಂದರೆ ಸಂಜೆ ಆರಕ್ಕೆ ಮತ್ತೆ ಪಾರ್ಕಿಗೆ ಹೋದರೂ ಎರಡು ತಾಸಿಗೂ ಹೆಚ್ಚು ಬೆಳಕು, ಆಮೇಲೆ ಬಾಣಬಿರುಸು. ಅದೇ ದಿನ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬಿಡುತ್ತಾರೆ.

ಇಷ್ಟು ರೊಕ್ಕ ಕೊಟ್ಟು ಮಧ್ಯಾಹ್ನ ರೂಮಿನಲ್ಲಿ ಮಲಗುವುದೇ ಎಂದು ಅಳಿಯಂದಿರಿಗೆ ಅನಿಸಬಹುದು. ಟಿಕೆಟ್ ದುಬಾರಿ, ನಿಜ. ಮಧ್ಯಾಹ್ನ ಎರಡಕ್ಕೆ ಪಾರ್ಕಿನಲ್ಲಿ ಮೂರು ವರ್ಷದ ಕೂಸು ನೆಲಕ್ಕೆ ಬಿದ್ದು ಹೊರಳಾಡುತ್ತಿರುವಾಗ, ಒಂದು ಆಟಕ್ಕೆ ಒಂದು ತಾಸು ಕಾಯುತ್ತ ನಿಲ್ಲುವುದರಲ್ಲಿ ಆ ರೊಕ್ಕದ ಯಾವ ಪಾಲು ವಸೂಲಾಗುತ್ತದೆ ಎಂದು ಕೇಳಿ. ನಾಲ್ಕು ದಿನ ಸಾಲಾಗಿ ಇಟ್ಟದ್ದು ನನಗೆ ಅಷ್ಟು ಹಿಡಿಸಲಿಲ್ಲ. ಸೆಕೆಯ ದಣಿವು ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಮೊದಲ ದಿನ ಚೆನ್ನಾಗಿಯೇ ಇದ್ದವರು ಮೂರನೆಯ ದಿನ ಬೀಳುತ್ತಾರೆ. ಡಿಸ್ನಿಯ ಬಹುದಿನದ ಟಿಕೆಟ್ಟುಗಳನ್ನು ಬಳಸಲು ಟಿಕೆಟ್ಟಿನ ದಿನಗಳಿಗಿಂತ ತುಸು ಹೆಚ್ಚು ಅವಧಿ ಇರುತ್ತದೆ. ಮಗಳು ನೋಡಿಕೊಂಡು ನಡುವೆ ಒಂದು ದಿನ ಬಿಡುವು ಇಟ್ಟರೆ ಒಳ್ಳೆಯದು. ಆಗದಿದ್ದರೆ ಮೂರನೆಯ ದಿನ ನೀವಿಬ್ಬರೂ ಸಂಜೆ ಮಾತ್ರ ಹೋಗಿ.

ಮಳೆಯ ಬಗ್ಗೆ ಕೇಳಿದ್ದೀರಿ. ಫ್ಲಾರಿಡಾ ಒಂದು ಪರ್ಯಾಯ ದ್ವೀಪ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಮೆಕ್ಸಿಕೊ ಕೊಲ್ಲಿ. ಹೊತ್ತೇರಿದಂತೆ ನೆಲ ಕಾದು ಎರಡೂ ಕಡೆಯಿಂದ ಕಡಲಗಾಳಿ ಒಳನುಗ್ಗುತ್ತದೆ, ನಡುವೆ ಎದುರಾಬದುರಾಗಿ ಸಂಧಿಸಿ ಮೇಲಕ್ಕೇರಿ ಮೋಡ ಕಟ್ಟುತ್ತದೆ. ಒರ್ಲಾಂಡೊ ಇರುವುದೇ ಆ ನಡುವಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಎರಡರಿಂದ ಸಂಜೆ ಏಳರೊಳಗೆ ಹೆಚ್ಚು ಕಡಿಮೆ ದಿನವೂ ಗುಡುಗು-ಮಳೆ. ನಮ್ಮ ಮುಂಗಾರಿನಂತೆ ಮೂರು ದಿನ ಹಿಡಿದು ಕೂರುವ ಮಳೆಯಲ್ಲ. ಏಪ್ರಿಲ್-ಮೇನಲ್ಲಿ ನಮಗೆ ಬರುವ ಅಡ್ಡಮಳೆಯ ಜಾತಿ ಅದು: ಬಾನು ಕಪ್ಪಾಗಿ, ಗಾಳಿ ಎದ್ದು, ಸುರಿದು, ಸಾಮಾನ್ಯವಾಗಿ ಒಂದೆರಡು ತಾಸಿನಲ್ಲಿ ಹೋಗಿಬಿಡುತ್ತದೆ. ಬೇಸಿಗೆ ವೇಳಾಪಟ್ಟಿ ಪಾಲಿಸಿದರೆ ಆ ಹೊತ್ತಿಗೆ ನೀವು ಹೋಟೆಲಿನಲ್ಲಿ ನಿದ್ದೆಯಲ್ಲಿರುತ್ತೀರಿ. ಮಳೆಗೆ ಬೇಸತ್ತು ಎಷ್ಟೋ ಜನ ಪಾರ್ಕು ಬಿಟ್ಟು ಹೊರಡುತ್ತಾರೆ, ಸಂಜೆ ಹೋದವರಿಗೆ ಸಾಲು ಸಣ್ಣದಾಗಿ ಸಿಗುತ್ತದೆ. ದಿನ ಹಾಳಾಗುವುದಿಲ್ಲ.

ಹೆದರಬೇಕಾದದ್ದು ಮಳೆಗಲ್ಲ, ಸಿಡಿಲಿಗೆ. ಅಮೆರಿಕದಲ್ಲಿ ಅತಿ ಹೆಚ್ಚು ಸಿಡಿಲು ಬೀಳುವ ಸೀಮೆಗಳಲ್ಲಿ ಫ್ಲಾರಿಡಾ ಒಂದು. ಅಡ್ಡಮಳೆಯ ದಿನಗಳಲ್ಲಿ ಮರದ ಕೆಳಗೆ ನಿಂತವರು, ಕುರಿ ಮೇಯಿಸುವವರು ಸಿಡಿಲಿಗೆ ಬಲಿಯಾದ ಸುದ್ದಿಯನ್ನು ಕಲಬುರಗಿ, ಬೀದರ್, ಯಾದಗಿರಿಯ ಪತ್ರಿಕೆಗಳಲ್ಲಿ ವರ್ಷ ವರ್ಷವೂ ಓದುತ್ತೇವೆ. ಊರು ಬದಲಾದರೆ ಸಿಡಿಲಿನ ಗುಣ ಬದಲಾಗುವುದಿಲ್ಲ. ಗುಡುಗು ಕಿವಿಗೆ ಬಿತ್ತು ಎಂದರೆ ಸಿಡಿಲಿನ ಅಳವಿನೊಳಗೆ ನೀವಿದ್ದೀರಿ ಎಂದೇ ಅರ್ಥ, ಮಳೆ ಇನ್ನೂ ಶುರುವಾಗದಿದ್ದರೂ ಸರಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಏಳು ವರ್ಷದ ಮೊಮ್ಮಗುವಿಗೆ ಈ ಲೆಕ್ಕ ಕಲಿಸಿ, ಆದರೆ ಒಳಗೆ ಕೂತು ಎಣಿಸಲಿ. ಗೋಡೆ-ಮಾಳಿಗೆ ಇರುವ ಕಟ್ಟಡವೋ ಗಾಜು ಏರಿಸಿದ ಕಾರೋ ಮಾತ್ರ ರಕ್ಷಣೆ. ಮರ, ಬರೀ ಚಾವಣಿಯ ನೆರಳು, ಬಟ್ಟೆಯ ಡೇರೆ ಆಗುವುದಿಲ್ಲ. ರಬ್ಬರ್ ಚಪ್ಪಲಿ ಕಾಪಾಡುತ್ತದೆ ಎಂಬುದು ಸುಳ್ಳು. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವವರೆಗೆ ಹೊರಗೆ ಬರಬೇಡಿ. ಸಿಡಿಲು ಹತ್ತಿರವಾದರೆ ಪಾರ್ಕಿನವರೇ ಹೊರಗಿನ ಆಟಗಳನ್ನೂ ಈಜುಕೊಳಗಳನ್ನೂ ನಿಲ್ಲಿಸುತ್ತಾರೆ. ಸಾಲು ಕೈತಪ್ಪೀತು ಎಂದು ಅಲ್ಲೇ ಬಯಲಲ್ಲಿ ನಿಲ್ಲುವವರು ಇದ್ದೇ ಇರುತ್ತಾರೆ; ನೀವು ಆ ಗುಂಪಿನಲ್ಲಿರಬೇಡಿ. ಸಿಡಿಲು ತಿಳಿಸುವ ನಮ್ಮ ‘ದಾಮಿನಿ’ ಆ್ಯಪ್ ಭಾರತಕ್ಕಷ್ಟೇ. ಅಲ್ಲಿ ಮಗಳ ಫೋನಿನಲ್ಲಿ ಅವರ ರಾಷ್ಟ್ರೀಯ ಹವಾಮಾನ ಸೇವೆಯ ಎಚ್ಚರಿಕೆಗಳು ಬರುವಂತೆ ಮಾಡಿಟ್ಟುಕೊಳ್ಳಿ.

ಮಧ್ಯಾಹ್ನ ಪಾರ್ಕಿನಲ್ಲೇ ಸಿಕ್ಕಿಕೊಂಡರೆ ಒಳಾಂಗಣದ ಆಟಗಳು ನಡೆಯುತ್ತಲೇ ಇರುತ್ತವೆ. ನಿಮ್ಮಿಬ್ಬರಿಗೆ ನನ್ನ ಶಿಫಾರಸು ಡಿಸ್ನಿಯ ಎಪ್‌ಕಾಟ್ ಪಾರ್ಕಿನಲ್ಲಿರುವ ‘ಲಿವಿಂಗ್ ವಿದ್ ದ ಲ್ಯಾಂಡ್’. ದೋಣಿಯಲ್ಲಿ ಕೂತು ಹಸಿರುಮನೆಗಳ ನಡುವೆ ಸಾಗುತ್ತ, ಮಣ್ಣಿಲ್ಲದೆ ತರಕಾರಿ ಬೆಳೆಯುವುದನ್ನು ನೋಡುವುದು. ತೊಗರಿ ಸೀಮೆಯಿಂದ ಹೋದವರಿಗೆ ಮಾತಿಗೆ ಒಳ್ಳೆಯ ವಸ್ತು. ಡಿಸ್ನಿಯದೇ ಇನ್ನೊಂದು ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್‌ನ ‘ಕ್ಯಾರೊಸೆಲ್ ಆಫ್ ಪ್ರೋಗ್ರೆಸ್’ ಇಪ್ಪತ್ತು ನಿಮಿಷ ಎಸಿಯಲ್ಲಿ ಕೂತು ನೋಡುವಂಥದ್ದು. ಒಂದು ಎಚ್ಚರ: ಒದ್ದೆ ಬಟ್ಟೆಯಲ್ಲಿ ಅವರ ಎಸಿ ಹೊಕ್ಕರೆ ಹಲ್ಲು ಕಟಕಟ ಎನ್ನುತ್ತದೆ. ತೆಳ್ಳನೆಯ ಶಾಲು ಚೀಲದಲ್ಲಿರಲಿ.

ನೀರಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ಮಾತ್ರೆಗಳ ಗಂಟು ಇರುವುದು ಇಲ್ಲೇ. ಹೊರಗಿರುವಾಗ ಅರ್ಧ ತಾಸಿಗೊಮ್ಮೆ ಒಂದು ಲೋಟ, ಬಾಯಾರಿಕೆಗೆ ಕಾಯದೆ. ವಯಸ್ಸಾದಂತೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಡಿಸ್ನಿಯಲ್ಲಿ ತಂಪು ಪಾನೀಯ ಮಾರುವ ಕೌಂಟರ್ ಊಟದ ಅಂಗಡಿಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರು ಪುಕ್ಕಟೆ ಕೊಡುತ್ತಾರೆ, ಬಾಟಲಿಗೆ ದುಡ್ಡು ಸುರಿಯಬೇಡಿ. ಆದರೆ ಒಂದು ತಾಸಿಗೆ ಒಂದು ಲೀಟರ್ ದಾಟಿಸಬೇಡಿ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರು ಕುಡಿದೇ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಈ ಮಾತು ಮುಖ್ಯವಾಗಿ ನಿಮಗೆ, ಅಕ್ಕೋರೇ. ನಿಮ್ಮ ಮಾತ್ರೆಯಲ್ಲಿರುವ ಹೈಡ್ರೋಕ್ಲೋರೋಥಯಾಜೈಡ್ ಮೂತ್ರದ ಮೂಲಕ ಸೋಡಿಯಂ, ಪೊಟ್ಯಾಸಿಯಂ ಹೊರಹಾಕುವ ಮಾತ್ರೆ; ಅರವತ್ತು ದಾಟಿದ ಹೆಂಗಸರಲ್ಲಿ ಅದರಿಂದ ಸೋಡಿಯಂ ಇಳಿಯುವುದು ಹೆಚ್ಚು. ಚರ್ಮ ಬಿಸಿಲಿಗೆ ಬೇಗ ಕಂದುವಂತೆಯೂ ಅದು ಮಾಡುತ್ತದೆ. ಟೆಲ್ಮಿಸಾರ್ಟಾನ್ ಇರುವಾಗ ಮೈಯ ನೀರು ಇಂಗಿದರೆ ಎದ್ದು ನಿಂತಾಗ ಬಿಪಿ ದಿಢೀರ್ ಇಳಿದು ಕಣ್ಣು ಕತ್ತಲೆ ಬರಬಹುದು. ಹಾಗಂತ ನೀವಾಗಿಯೇ ಮಾತ್ರೆ ನಿಲ್ಲಿಸುವುದು ಬೇಡವೇ ಬೇಡ. ಹೊರಡುವ ಒಂದು ತಿಂಗಳು ಮೊದಲು ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಫಲಿತಾಂಶ ಹಿಡಿದು ನಿಮ್ಮ ವೈದ್ಯರ ಮುಂದೆ ಕೂತು, ಈ ಪ್ರವಾಸಕ್ಕೆ ಮಾತ್ರೆ ಬದಲಿಸಬೇಕೇ ಎಂದು ಕೇಳಿ. ಬದಲಿಸಿದರೂ ಹೊಸ ಮಾತ್ರೆಗೆ ಬಿಪಿ ಹೇಗಿದೆ ಎಂದು ಇಲ್ಲಿದ್ದಾಗಲೇ ನೋಡಿಕೊಂಡಂತೆ ಆಗುತ್ತದೆ. ಬಿಪಿ ಯಂತ್ರ ಜೊತೆಗಿರಲಿ.

ಒಆರ್‌ಎಸ್ ಪೊಟ್ಟಣ ಏಳೆಂಟು ಇಲ್ಲಿಂದಲೇ ಒಯ್ಯಿರಿ. ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವುದನ್ನೇ ನೋಡಿ ಕೊಳ್ಳಿ. ಸಿಹಿ ಪಾನೀಯಗಳು ಆ ಕೆಲಸ ಮಾಡುವುದಿಲ್ಲ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಅದರಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಅರ್ಧ ಲೀಟರಿಗೆ ಕಲಸಿದರೆ ಉಪ್ಪು ಇಮ್ಮಡಿಯಾಗಿ ಕೆಡುಕೇ ಹೆಚ್ಚು. ಬಟ್ಟೆ ತೊಯ್ಯುವಷ್ಟು ಬೆವರಿದ ದಿನ, ಸ್ನಾಯು ಸೆಳೆತ ಬಂದಾಗ, ವಾಂತಿ-ಭೇದಿಯಾದಾಗ ಕುಡಿಯಿರಿ. ಬಿಪಿ ಇರುವ ನಿಮಗೆ ದಿನವಿಡೀ ಗುಟುಕರಿಸುವ ಶರಬತ್ತು ಅದಲ್ಲ. ಸಕ್ಕರೆ ಕಾಯಿಲೆ ಇದೆ ಎಂದು ನಿಮ್ಮ ಮನೆಯವರು ಹೆದರಬೇಕಿಲ್ಲ, ಬೇಕಾದಾಗ ಕುಡಿಯಬಹುದು. ಅವರು ದೂರ ಇಡಬೇಕಾದದ್ದು ಅಲ್ಲಿ ಬಕೆಟ್ಟಿನಂಥ ಲೋಟದಲ್ಲಿ ಕೊಡುವ ಬಣ್ಣದ ಪಾನೀಯಗಳನ್ನು. ಮಜ್ಜಿಗೆ ಎಲ್ಲಕ್ಕೂ ಒಳ್ಳೆಯದು, ಹೋಟೆಲಿನಲ್ಲಿ ಮಾಡಿ ಕುಡಿಯಿರಿ. ಡಿಸ್ನಿಯೊಳಗೆ ಮನೆಯ ಊಟ ಒಯ್ಯಲು ಅಡ್ಡಿಯಿಲ್ಲ, ಗಾಜಿನ ಪಾತ್ರೆ ಮಾತ್ರ ಆಗದು. ಯೂನಿವರ್ಸಲ್ ಇದರಲ್ಲಿ ಬಿಗಿ, ನೀರು ಮತ್ತು ಸಣ್ಣ ತಿಂಡಿಯಷ್ಟೇ. ವೈದ್ಯಕೀಯ ಕಾರಣದ ಆಹಾರಕ್ಕೆ ರಿಯಾಯಿತಿ ಉಂಟು. ಖಡಕ್ ರೊಟ್ಟಿ ಒಯ್ಯುತ್ತೀರಿ ಎಂದು ಗೊತ್ತು. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಆ ಗಾಳಿಗೆ ಅದು ನೋಡನೋಡುತ್ತ ಮೆತ್ತಗಾಗುತ್ತದೆ. ಬಿಸಿಲು ಬಡಿಯಬಾರದೆಂದು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವ ಹಿರಿಯರ ಪೈಕಿ ನಿಮ್ಮ ಮನೆಯವರೂ ಒಬ್ಬರಾಗಿದ್ದರೆ, ಅದು ಊರಲ್ಲೇ ಇರಲಿ. ಹಸಿ ಕಾಯಿಪಲ್ಲೆ ಹೊತ್ತು ಹೋದರೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಉತ್ತರ ಹೇಳಬೇಕಾಗುತ್ತದೆ, ಅಲ್ಲದೆ ಅದರಿಂದ ಬಿಸಿಲೂ ನಿಲ್ಲುವುದಿಲ್ಲ.

ನಿಮ್ಮ ಮನೆಯವರ ಮಾತ್ರೆಗಳ ಪೈಕಿ ನನಗೆ ಚಿಂತೆ ಗ್ಲಿಮೆಪಿರೈಡ್‌ನದು. ಊಟ ತಡವಾಗಿ, ನಡಿಗೆ ಹೆಚ್ಚಾದ ದಿನ ಅದು ಸಕ್ಕರೆಯನ್ನು ತೀರ ಕೆಳಗೆ ಇಳಿಸಿಬಿಡುತ್ತದೆ. ಸಕ್ಕರೆ ಇಳಿದಾಗ ಏನಾಗುತ್ತದೆ? ಬೆವರು, ನಡುಕ, ತಲೆಸುತ್ತು, ಸಿಡುಕು, ಮಾತು ತಡವರಿಸುವುದು. ಸೆಕೆಯಿಂದ ಬಳಲಿದಾಗಲೂ ಹೆಚ್ಚುಕಡಿಮೆ ಇವೇ. ಸುತ್ತಲಿನವರು ‘ಬಿಸಿಲಿಗೆ ಹಾಗಾಗಿದೆ, ನೆರಳಿಗೆ ಕೂರಿಸಿ’ ಎನ್ನುತ್ತಾರೆ, ಅತ್ತ ಸಕ್ಕರೆ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಅವರಿಗೆ ಏನೇ ಹೆಚ್ಚುಕಮ್ಮಿಯಾದರೂ ಮೊದಲು ಗ್ಲುಕೋಮೀಟರ್. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಅಥವಾ ಅರ್ಧ ಲೋಟ ಹಣ್ಣಿನ ರಸ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಯಂತ್ರ ಕೈಗೆ ಸಿಗದಿದ್ದರೆ ಇಳಿದಿದೆ ಎಂದೇ ತಿಳಿದು ಸಕ್ಕರೆ ಕೊಡಿ. ಎಚ್ಚರ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕದೆ ಸಹಾಯಕ್ಕೆ ಕರೆಯಿರಿ. ಪರೀಕ್ಷೆಯ ಪಟ್ಟಿಗಳ ಡಬ್ಬಿಯ ಮುಚ್ಚಳ ತೆರೆದು ಬಿಟ್ಟರೆ ಆ ತೇವಕ್ಕೆ ಪಟ್ಟಿ ಕೆಟ್ಟು ಅಂಕಿ ತಪ್ಪು ತೋರಿಸುತ್ತದೆ. ಡಾಪಾಗ್ಲಿಫ್ಲೋಜಿನ್ ಸಕ್ಕರೆಯ ಜೊತೆ ನೀರನ್ನೂ ಮೂತ್ರದಲ್ಲಿ ಕಳಿಸುತ್ತದೆ. ಪಾಯಖಾನೆಗೆ ಓಡಬೇಕಾಗುತ್ತದೆ ಎಂದು ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಗಂಡಸರ ಈ ಜಾಣತನ ನನಗೆ ಹಳೆಯ ಪರಿಚಯ. ಬಿಡಲು ಬಿಡಬೇಡಿ. ವಾಂತಿ-ಭೇದಿ ಶುರುವಾಗಿ ಊಟ ಹೋಗದಿದ್ದರೆ ಡಾಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್ ಎರಡನ್ನೂ ಆ ದಿನದ ಮಟ್ಟಿಗೆ ನಿಲ್ಲಿಸಬೇಕಾಗುತ್ತದೆ, ಗ್ಲಿಮೆಪಿರೈಡನ್ನೂ ಸರಿಹೊಂದಿಸಬೇಕಾಗುತ್ತದೆ. ಹೇಗೆ ಎಂದು ನಿಮ್ಮ ವೈದ್ಯರಿಂದ ಈಗಲೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಅವರ ಪಾದಗಳ ಬಗ್ಗೆಯೂ ಹೇಳಲೇಬೇಕು. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕುಂದಿರಬಹುದು, ಆಗ ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಮಳೆಗೆ ತೊಯ್ದ ಬೂಟಿನಲ್ಲಿ ಐದು ಕಿಲೋಮೀಟರ್ ನಡೆದರೆ ಬೊಬ್ಬೆ ಖಂಡಿತ. ಹೊಸ ಬೂಟು ಬೇಡ, ಎರಡು ತಿಂಗಳು ಕಾಲಿಗೆ ಒಗ್ಗಿದ್ದೇ ಇರಲಿ. ಒಣ ಕಾಲುಚೀಲ ಎರಡು ಜೊತೆ ಪ್ಲಾಸ್ಟಿಕ್ ಚೀಲದಲ್ಲಿರಲಿ, ತೊಯ್ದ ಕೂಡಲೇ ಬದಲಿಸಲಿ. ಮೊಮ್ಮಕ್ಕಳು ಕಾರಂಜಿಯಲ್ಲಿ ಆಡುವಾಗ ಅಜ್ಜ ಬರಿಗಾಲಲ್ಲಿ ಕಾದ ನೆಲದ ಮೇಲೆ ಓಡುವುದು ಬೇಡ. ರಾತ್ರಿ ಬೆರಳ ಸಂದಿಯವರೆಗೆ ನೀವೇ ದೀಪ ಹಚ್ಚಿ ನೋಡಿ. ನಡೆಯಲಾಗದಿದ್ದರೆ ಗೇಟಿನ ಹತ್ತಿರವೇ ಗಾಲಿಕುರ್ಚಿ, ಬ್ಯಾಟರಿ ಗಾಡಿ ಬಾಡಿಗೆಗೆ ಸಿಗುತ್ತವೆ. ಅಲ್ಲಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ, ಸಂಕೋಚ ಬೇಡ.

ಸೀರೆ ಉಡಬಹುದು, ಆದರೆ ನನ್ನ ಮತ ಚೂಡಿದಾರಕ್ಕೆ. ತೊಯ್ದ ಸೀರೆ ಭಾರ, ಲಂಗದ ಲಾಡಿ ಬೆವರಿಗೆ ಸೊಂಟ ಉಜ್ಜಿ ಗಾಯ ಮಾಡುತ್ತದೆ, ಸೆರಗು ಆಟದ ಗಾಡಿಗಳಲ್ಲಿ ಅಪಾಯ. ನಮ್ಮ ಬಿಸಿಲಿಗೆ ದಪ್ಪ ಹತ್ತಿ ರಾಜ. ಅಲ್ಲಿ ಅದು ಒಮ್ಮೆ ತೊಯ್ದರೆ ಸಂಜೆಯವರೆಗೆ ಆರುವುದಿಲ್ಲ. ಬೇಗ ಆರುವ, ಸಡಿಲವಾದ, ತಿಳಿ ಬಣ್ಣದ ತೆಳು ಬಟ್ಟೆ ಸಾಕು. ತೊಡೆಯ ಸಂದು ಉಜ್ಜುವವರು ಬೆಳಿಗ್ಗೆಯೇ ವ್ಯಾಸಲೀನ್ ಹಚ್ಚಿಕೊಳ್ಳಿ, ಪೌಡರ್ ಬೆವರಿಗೆ ಗಂಟುಗಟ್ಟುತ್ತದೆ. ದಸ್ತಿ ತೋಯಿಸಿ ತಲೆಗೆ ಕಟ್ಟುವ ನಮ್ಮ ಉಪಾಯ ಅಲ್ಲಿ ಅರ್ಧವಷ್ಟೇ ಫಲಿಸುತ್ತದೆ, ಆ ನೀರು ಆರಬೇಕಲ್ಲ. ಐಸ್ ನೀರಿನಲ್ಲಿ ಅದ್ದಿ ಕುತ್ತಿಗೆಗೆ ಹಾಕಿಕೊಳ್ಳಿ, ಆಗ ಕೆಲಸ ಮಾಡುತ್ತದೆ.

ಮಕ್ಕಳ ಮಟ್ಟಿಗೆ ಒಂದೇ ಮಾತು ಒತ್ತಿ ಹೇಳುತ್ತೇನೆ. ಸಣ್ಣ ಕೂಸಿನ ತಳ್ಳುಗಾಡಿಗೆ ಬಿಸಿಲು ಬೀಳಬಾರದೆಂದು ಬಟ್ಟೆ ಹೊದಿಸಿ ಮುಚ್ಚುವ ಅಭ್ಯಾಸ ಎಲ್ಲೆಡೆ ಇದೆ. ಒಳಗೆ ಗಾಳಿಯಾಡದೆ ಬಿಸಿ ಏರುತ್ತದೆ, ಕೂಸು ನಿದ್ದೆ ಹೋಗಿದೆ ಎಂದುಕೊಂಡಿರುತ್ತೇವೆ, ಅದು ಬಳಲಿ ಸುಮ್ಮನಾಗಿರುತ್ತದೆ. ನೆರಳಿನಲ್ಲಿ ತೆರೆದೇ ಇಡಿ. ಆರು ತಾಸಿನಿಂದ ಮೂತ್ರ ಮಾಡಿಲ್ಲವೆಂದರೆ, ಆಟ ಬಿಟ್ಟು ಮಂಕಾಗಿದೆಯೆಂದರೆ ಅಂದಿನ ಪಾರ್ಕು ಅಲ್ಲಿಗೆ ಮುಗಿಯಿತು.

ಸೆಕೆಯ ಬಳಲಿಕೆ ತಲೆನೋವು, ಓಕರಿಕೆ, ಸೆಳೆತ, ತಣ್ಣಗೆ ಅಂಟುವ ಮೈಯಿಂದ ಶುರುವಾಗುತ್ತದೆ. ಆಗ ಎಸಿ ಕೋಣೆ, ಕಾಲು ಮೇಲಿಟ್ಟು ಮಲಗುವುದು, ಒಆರ್‌ಎಸ್. ಡಿಸ್ನಿಯ ಪ್ರತಿ ಪಾರ್ಕಿನಲ್ಲೂ ಪ್ರಥಮ ಚಿಕಿತ್ಸಾ ಕೇಂದ್ರ ಇದೆ, ಅಲ್ಲಿ ಮಲಗಿ ಸುಧಾರಿಸಿಕೊಳ್ಳಬಹುದು. ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಕೊಳ್ಳಿ. ಅರ್ಧ ತಾಸಿನಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆ. ಮಾತು ಅಸಂಬದ್ಧವಾದರೆ, ಎದುರಿಗಿರುವವರು ಯಾರೆಂದು ತಿಳಿಯದಿದ್ದರೆ, ಫಿಟ್ಸ್ ಬಂದರೆ ಅದು ಬಿಸಿಲಾಘಾತ. ಮೈಯೊಳಗಿನ ಉಷ್ಣತೆ 40 ದಾಟಿರುತ್ತದೆ. ಬಿಸಿಲು ಬಡಿದವರ ಮೈ ಒಣಗಿರುತ್ತದೆ ಎಂದು ನಾವು ಕೇಳಿದ್ದೇವೆ, ಅಲ್ಲಿಯ ಸೆಕೆಯಲ್ಲಿ ಬೆವರು ಹರಿಯುತ್ತಲೇ ಇರಬಹುದು, ಅದನ್ನು ನೋಡಿ ಮೋಸಹೋಗಬೇಡಿ. 911ಕ್ಕೆ ಕರೆ, ಹತ್ತಿರದ ಪಾರ್ಕ್ ಸಿಬ್ಬಂದಿಗೆ ಕೂಗು, ಅವರು ಬರುವವರೆಗೆ ಸುಮ್ಮನೆ ಕೂರದೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್, ಮೈಗೆಲ್ಲ ಐಸ್ ನೀರಿನ ಬಟ್ಟೆ. ಪ್ಯಾರಾಸಿಟಮಾಲ್ ಈ ಜ್ವರವನ್ನು ಇಳಿಸುವುದಿಲ್ಲ. ಅಲ್ಲಿಯ ಆಸ್ಪತ್ರೆಯ ಬಿಲ್ಲು ನಮ್ಮ ಊಹೆಗೆ ಮೀರಿದ್ದು, ಆದ್ದರಿಂದ ಪ್ರಯಾಣ ವಿಮೆ ಮಾಡಿಸುವಾಗ ಬಿಪಿ, ಸಕ್ಕರೆ ಎರಡನ್ನೂ ಮುಚ್ಚಿಡದೆ ಬರೆಸಿ, ಮೊದಲೇ ಇದ್ದ ಕಾಯಿಲೆಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ.

ಕೊನೆಗೆ ನಿಮ್ಮ ಛತ್ರಿ-ರೇನ್‌ಕೋಟಿನ ಪ್ರಶ್ನೆ. ಎರಡೂ ಒಯ್ಯಿರಿ, ಕೆಲಸ ಬೇರೆ ಬೇರೆ. ಮಡಚುವ ಸಣ್ಣ ಛತ್ರಿ ಬೆಳಗಿನ ಬಿಸಿಲಿಗೆ, ನೆರಳಿಲ್ಲದ ಸಾಲುಗಳಿಗೆ. ಗುಡುಗು ಕೇಳಿದ ಮೇಲೆ ಬಯಲಲ್ಲಿ ಅದನ್ನು ಎತ್ತಿ ಹಿಡಿಯಬಾರದು. ಮಳೆಗೆ, ಮೇಲಿನಿಂದ ಹಾಕಿಕೊಳ್ಳುವ ಸಡಿಲ ಪ್ಲಾಸ್ಟಿಕ್ ಹೊದಿಕೆ ಸಾಕು. ಪಾರ್ಕಿನಲ್ಲಿ ಕೊಂಡರೆ ದುಬಾರಿ, ಇಲ್ಲಿಂದಲೇ ಮನೆಮಂದಿಗೆಲ್ಲ ಒಂದೊಂದು ಒಯ್ಯಿರಿ. ಗುಂಡಿ ಹಾಕಿ ಮೈಗಪ್ಪುವ ರೇನ್‌ಕೋಟ್ ಬೇಡ, ಅದರೊಳಗೆ ಬೆವರೇ ಮಳೆಗಿಂತ ಹೆಚ್ಚು ತೋಯಿಸುತ್ತದೆ. ಮಳೆ ನಿಂತ ಕೂಡಲೇ ಹೊದಿಕೆ ಕಳಚಿ ಚೀಲಕ್ಕೆ ಹಾಕಿ. ಮತ್ತೆ ಬಂದೀತು ಎಂದು ಹೊದ್ದುಕೊಂಡೇ ತಿರುಗಬೇಡಿ.